ಗಾದಿಯೊಳಗಿನ ಹತ್ತಿ

'ಕಸುಬು' ಅಚ್ಚಗನ್ನಡದ ಮಾತು ಎಂದೇ ನಮ್ಮಲ್ಲಿ ಹೆಚ್ಚಿನವರು ತಿಳಿದಿದ್ದಾರೆ. ಅದು ಅರಬಿಯ 'ಕಸ್ಬ್'. ಪಾರಸಿ, ದಖನಿಗಳ ದಾರಿ ಹಿಡಿದು ಬಂದು ಕನ್ನಡದ ಜಗಲಿಯ ಮೇಲೆ ಕೂತು ಶತಮಾನಗಳೇ ಆದವು. ಈಗ ಅದನ್ನು ಎಬ್ಬಿಸಿ ನಿನ್ನ ಊರು ಯಾವುದೆಂದು ಕೇಳುವವರಿಲ್ಲ. 'ನಿಯತ್ತು' ಕೂಡ ಹಾಗೆಯೇ. ಅರಬಿಯ 'ನಿಯ್ಯತ್' ಎಂದರೆ ಸಂಕಲ್ಪ, ಮನಸ್ಸಿನಲ್ಲಿ ಇಟ್ಟುಕೊಂಡ ಉದ್ದೇಶ. ಕನ್ನಡಕ್ಕೆ ಬಂದ ಮೇಲೆ ಅದು ಪ್ರಾಮಾಣಿಕತೆಯಾಯಿತು. ದಾವಣಗೆರೆಯ ಮಂಡಿಪೇಟೆಯಲ್ಲಿ ಒಬ್ಬನನ್ನು 'ನಿಯತ್ತಿನ ಮನುಷ್ಯ' ಎಂದರೆ ಅದಕ್ಕಿಂತ ದೊಡ್ಡ ಸರ್ಟಿಫಿಕೇಟು ಬೇಕಿಲ್ಲ, ಸಾಲ ಹುಟ್ಟುತ್ತದೆ.

ಕಸ್ಬ್ ಎಂದರೆ ಗಳಿಕೆ. ಆದರೆ ಅರಬಿಯಲ್ಲಿ ಅದು ಹಣದ ಗಳಿಕೆ ಮಾತ್ರವಲ್ಲ. ಮನುಷ್ಯ ಮಾಡಿದ ಒಳಿತು ಕೆಡುಕುಗಳೂ ಅವನ ಕಸ್ಬೇ. ಹತ್ತನೆಯ ಶತಮಾನದಲ್ಲಿ ಬಸ್ರಾದ ಅಬುಲ್ ಹಸನ್ ಅಲ್ ಅಶ್‌ಅರಿ ಎಂಬ ಪಂಡಿತ, ಎಲ್ಲವೂ ದೇವರ ಶಕ್ತಿಯಿಂದಲೇ ನಡೆಯುವುದಾದರೆ ಮನುಷ್ಯನ ಹೊಣೆ ಏನು ಎಂಬ ಕಗ್ಗಂಟನ್ನು ಬಿಡಿಸಲು ಇದೇ ಮಾತನ್ನು ಹಿಡಿದ. ಕ್ರಿಯೆ ದೇವರ ಸೃಷ್ಟಿ, ಅದನ್ನು 'ಗಳಿಸಿಕೊಳ್ಳುವವನು' ಮನುಷ್ಯ, ಆದ್ದರಿಂದ ಹೊಣೆಯೂ ಅವನದೇ ಎಂದು ವಾದಿಸಿದ. ಆ ವಾದ ಎಷ್ಟು ಸರಿ ಎಂಬುದನ್ನು ಪಂಡಿತರಿಗೆ ಬಿಡೋಣ. ನನ್ನನ್ನು ಸೆಳೆಯುವುದು ಬೇರೆ ಸಂಗತಿ. ಒಬ್ಬ ಮನುಷ್ಯ ದುಡಿದು ಗಳಿಸುವುದು ಕೂಲಿಯನ್ನೋ ಅಥವಾ ಆ ದುಡಿಮೆಯನ್ನೇ ತನ್ನದಾಗಿ ಗಳಿಸಿಕೊಳ್ಳುತ್ತಾನೋ ಎಂಬ ಪ್ರಶ್ನೆ ಆ ಒಂದು ಪದದಲ್ಲೇ ಇದೆ. ನಾವು ಅದನ್ನು ಹೊಟ್ಟೆಪಾಡು ಎಂಬಷ್ಟಕ್ಕೆ ಇಳಿಸಿದ್ದೇವೆ.

ಉರ್ದು ಶಾಲೆಯಲ್ಲಿ ನಮಗೆ ಹೇಳಿಕೊಟ್ಟದ್ದು 'ಹುನರ್' ಎಂಬ ಮಾತು. ಆಮೇಲೆ ಕನ್ನಡ ಶಾಲೆಗೆ ಬಂದಾಗ ಮೇಷ್ಟ್ರು 'ಕುಶಲ' ಎಂಬುದಕ್ಕೆ ಹಳಬರು ಹೇಳುವ ಅರ್ಥ ವಿವರಿಸಿದರು: ಕುಶ ಎಂದರೆ ದರ್ಭೆ, ಅದರ ಅಂಚು ಅಲಗಿನಂತೆ ಹರಿತ, ಕೈ ಕೊಯ್ದುಕೊಳ್ಳದೆ ಅದನ್ನು ಕೀಳಬಲ್ಲವನೇ ಕುಶಲ. ಎರಡೂ ಶಾಲೆಗಳಲ್ಲಿ ಈ ಪಾಠ ಮಾಡಿದವರು ಕೊನೆಗೆ ಒಂದೇ ಮಾತು ಹೇಳಿ ಮುಗಿಸುತ್ತಿದ್ದರು: ಚೆನ್ನಾಗಿ ಓದಿ, ಇಲ್ಲದಿದ್ದರೆ ಕೈಕೆಲಸ ಮಾಡಿಕೊಂಡು ಬದುಕಬೇಕಾಗುತ್ತದೆ.

ಕೈಕಸುಬಿನ ಬೆಲೆ ಎಂದ ಕೂಡಲೇ ನಮ್ಮ ಪತ್ರಿಕೆಗಳಿಗೆ ಚನ್ನಪಟ್ಟಣದ ಗೊಂಬೆ, ಬೀದರಿನ ಬಿದರಿ, ಇಳಕಲ್ಲಿನ ಸೀರೆ ನೆನಪಾಗುತ್ತವೆ. ಕಾವೇರಿ ಎಂಪೋರಿಯಂನ ಗಾಜಿನ ಕಪಾಟು, ಮೇಲೊಂದು ಸಣ್ಣ ದೀಪ. ದಾವಣಗೆರೆಗೆ ಅಂಥ ಭಾಗ್ಯವಿಲ್ಲ. ಇದು ದಲ್ಲಾಳಿಗಳ ಊರು, ಮಂಡಕ್ಕಿ ಮೆಣಸಿನಕಾಯಿಯ ಊರು, ಒಂದು ಕಾಲಕ್ಕೆ ಕರ್ನಾಟಕದ ಮ್ಯಾಂಚೆಸ್ಟರ್ ಎನ್ನಿಸಿಕೊಂಡಿದ್ದ ಹತ್ತಿ ಗಿರಣಿಗಳ ಊರು. ನೋಡಲು ಚೆಂದವಾದದ್ದು, ಪ್ರವಾಸಿಗರು ಕೊಂಡೊಯ್ಯುವಂಥದ್ದು ಇಲ್ಲಿ ಏನೂ ತಯಾರಾಗುವುದಿಲ್ಲ. ಹಾಗಾಗಿಯೇ ಕಸುಬಿನ ಪ್ರಶ್ನೆ ಇಲ್ಲಿ ಬರಿಮೈಯಲ್ಲಿ ನಿಲ್ಲುತ್ತದೆ. ಅಲಂಕಾರವಿಲ್ಲದ, ಹೆಸರಿಲ್ಲದ, ಕಣ್ಣಿಗೆ ಬೀಳದ ಕೆಲಸವನ್ನು ಒಬ್ಬ ಯಾಕೆ ಚೆನ್ನಾಗಿ ಮಾಡಬೇಕು?

ಗಾದಿಯನ್ನೇ ತೆಗೆದುಕೊಳ್ಳಿ. ನಾನು ಚಿಕ್ಕವನಿದ್ದಾಗ, ಅಂದರೆ ಎಂಬತ್ತರ ದಶಕದ ಕೊನೆಗೆ, ಪಿಂಜಾರರು ಬಿಲ್ಲು ಹೆಗಲಿಗೇರಿಸಿಕೊಂಡು ಓಣಿ ಓಣಿ ತಿರುಗುತ್ತಿದ್ದರು. ಆಳೆತ್ತರದ ಆ ಬಿಲ್ಲಿನ ತಂತಿಯನ್ನು ಬೆರಳಿನಿಂದ ಮೀಟುತ್ತ ಬಂದರೆ ಸಾಕು, ಕೂಗುವುದೇ ಬೇಕಿರಲಿಲ್ಲ. ಮಳೆಗಾಲ ಕಳೆದ ಮೇಲೆ ಮನೆಮನೆಯಲ್ಲೂ ಗಂಟುಗಟ್ಟಿದ ಹಳೆ ಗಾದಿಗಳು ಅಂಗಳಕ್ಕೆ ಬರುತ್ತಿದ್ದವು. ಬಿಚ್ಚಿ, ಬಿಸಿಲಿಗೆ ಹರವಿ, ಸಂಜೆಯೊಳಗೆ ಹಿಂಜಿ ತುಂಬಿ ಹೊಲಿದು ಕೊಡಬೇಕು. ಬಿಲ್ಲನ್ನು ಮೇಲಿನಿಂದ ತೂಗಹಾಕಿ, ತಂತಿಯನ್ನು ಹತ್ತಿಯ ರಾಶಿಗೆ ತಾಗಿಸಿ, ಮರದ ಗುಂಡಿನಿಂದ ಬಡಿಯುತ್ತ ಹೋದರೆ ಕಲ್ಲಿನಂತಿದ್ದ ಹತ್ತಿ ಮೆಲ್ಲಗೆ ಅರಳಿ ಮೇಲೇಳುತ್ತಿತ್ತು. ನಮ್ಮ ಓಣಿಗೆ ಬರುತ್ತಿದ್ದ ಚಾಚಾ ಒಬ್ಬರು, ಗುಂಡು ಎತ್ತಿಕೊಂಡು ಆಟವಾಡುವ ನಮ್ಮಂಥ ಹುಡುಗರಿಗೆ, "ಹತ್ತೀನ ಹೊಡಿಬಾರ್ದಪ್ಪ, ಎಬ್ಬಿಸ್ಬೇಕು" ಎನ್ನುತ್ತಿದ್ದರು. ತಂತಿ ಹೆಚ್ಚು ಕೆಳಗಿಳಿದರೆ ಎಳೆ ತುಂಡಾಗುತ್ತದೆ, ಕಡಿಮೆಯಾದರೆ ಗಂಟು ಬಿಡುವುದಿಲ್ಲ. ಅದು ಸರಿಯಾಗಿದೆಯೇ ಎಂದು ಅವರು ನೋಡುತ್ತಿದ್ದುದು ಕಣ್ಣಿನಿಂದಲ್ಲ. ತಂತಿಯ ದನಿ ಬದಲಾದರೆ ಕೈ ತಾನಾಗಿ ಬದಲಾಗುತ್ತಿತ್ತು.

ಇನ್ನು ತುಂಬುವ ಕೆಲಸ. ಗಾದಿಯ ನಾಲ್ಕು ಮೂಲೆಗಳಿಗೆ ಹತ್ತಿ ಸರಿಯಾಗಿ ತಲುಪಿದೆಯೇ, ಸೊಂಟ ಬರುವ ಜಾಗದಲ್ಲಿ ಒಂದು ಹಿಡಿ ಹೆಚ್ಚಿಗೆ ಹೋಗಿದೆಯೇ, ಕಸರು ಹತ್ತಿ ಒಳಗೆ ಸೇರಿದೆಯೇ, ಹೊಲಿದು ಮುಗಿಸಿದ ಮೇಲೆ ಇದು ಯಾವುದೂ ಕಾಣುವುದಿಲ್ಲ. ಹೊಸ ಗಾದಿ ಮೊದಲ ತಿಂಗಳು ಎಲ್ಲರದೂ ಮೆತ್ತಗೇ ಇರುತ್ತದೆ. ಮೂರು ವರ್ಷದ ಮೇಲೆ ಗುಂಡಿ ಬಿದ್ದಾಗ ಬೈಯೋಣವೆಂದರೆ ಪಿಂಜಾರ ಯಾವ ಊರಿನಲ್ಲಿದ್ದಾನೋ. ಹಾಗಿದ್ದರೆ ಮೂಲೆಗೆ ಹತ್ತಿ ಯಾಕೆ ತುರುಕಬೇಕು? ಮನೆಯ ಯಜಮಾನಿಗೆ ಗೊತ್ತಾಗದು, ಮೇಸ್ತ್ರಿ ಎಂಬವನಿಲ್ಲ, ಇನ್ಸ್‌ಪೆಕ್ಟರ್ ಎಂಬವನಿಲ್ಲ. ದೇವರು ನೋಡುತ್ತಾನೆ ಎನ್ನಬಹುದು. ನಂಬುವವನಾದ ನನಗೂ ಆ ಉತ್ತರ ಸಾಲದು. ದೇವರಿಗೆ ಹೆದರುವವರು ಮಾಡಿದ ಕಳಪೆ ಕೆಲಸವನ್ನೂ, ದೇವರ ಗೊಡವೆಯೇ ಇಲ್ಲದವರು ಮಾಡಿದ ಅಚ್ಚುಕಟ್ಟಾದ ಕೆಲಸವನ್ನೂ ಸಾಕಷ್ಟು ಕಂಡಿದ್ದೇನೆ.

ಆ ಗಾದಿಯನ್ನು ಎಂದಾದರೂ ಒಳಗಿನಿಂದ ನೋಡುವವನು ಒಬ್ಬನೇ ಒಬ್ಬ. ಐದಾರು ವರ್ಷ ಕಳೆದು ಅದನ್ನು ಬಿಚ್ಚುವ ಇನ್ನೊಬ್ಬ ಪಿಂಜಾರ. ಹಿಂದಿನವನ ಕೈ ಎಂಥದ್ದು ಎಂದು ಅವನಿಗೆ ಹೊಲಿಗೆ ಬಿಚ್ಚುತ್ತಲೇ ತಿಳಿಯುತ್ತದೆ. ಕಸುಬಿನ ಮರ್ಯಾದೆ ಎಂದರೆ ಇದೇ ಇರಬೇಕು ಎಂದು ನನಗನ್ನಿಸುತ್ತದೆ. ಕೊಳ್ಳುವವನ ಮುಂದೆ ಕಾಪಾಡಿಕೊಳ್ಳುವ ಮರ್ಯಾದೆಯಲ್ಲ ಅದು, ಇನ್ನೂ ಬಾರದ ಒಬ್ಬ ಸಹಕಸುಬಿನವನ ಮುಂದೆ ಕಾಪಾಡಿಕೊಳ್ಳುವಂಥದ್ದು. ಅವನು ಯಾರೋ, ಯಾವ ಜಾತಿಯವನೋ, ಬರುತ್ತಾನೋ ಇಲ್ಲವೋ. ಅವನು ಬರುವುದೇ ನಿಂತುಹೋದ ಮೇಲೆ, ಅಂದರೆ ಬಿಚ್ಚಿ ಹಿಂಜುವ ಗಾದಿಯೇ ಇಲ್ಲವಾಗಿ ಬಿಸಾಡುವ ಫೋಮ್ ಹಾಸಿಗೆ ಬಂದ ಮೇಲೆ, ಒಳಗಿನ ಕೆಲಸಕ್ಕೆ ಸಾಕ್ಷಿಯೇ ಇಲ್ಲದಂತಾಯಿತು. ರಿಪೇರಿ ಆಗದ ವಸ್ತುಗಳ ಲೋಕದಲ್ಲಿ ಕಳಪೆ ಕೆಲಸ ಸಿಕ್ಕಿಬೀಳುವುದೇ ಇಲ್ಲ.

ಕಲಾಯಿಯವರ ಕಥೆಯೂ ಇದೇ. ಹಿತ್ತಾಳೆ ಪಾತ್ರೆಯನ್ನು ಕಾಯಿಸಿ, ನವಸಾಗರದ ಪುಡಿ ಹಾಕಿ, ತವರ ಸವರಿ ಹತ್ತಿಯ ಉಂಡೆಯಿಂದ ಉಜ್ಜಿದರೆ ಒಳಮೈ ಬೆಳ್ಳಿಯಂತೆ ಹೊಳೆಯುತ್ತದೆ. ತವರದಲ್ಲಿ ಸೀಸ ಬೆರೆಸಿದರೂ ಹಾಗೆಯೇ ಹೊಳೆಯುತ್ತದೆ, ಖರ್ಚೂ ಕಡಿಮೆ. ಉಣ್ಣುವ ಮನೆಯವರ ಮೈಗೆ ವಿಷ ಸೇರುವುದು ನಿಧಾನವಾಗಿ. ಅಲ್ಲಿ ನಿಯತ್ತು ಮತ್ತು ಹುನರ್ ಬೇರೆ ಬೇರೆಯಲ್ಲ.

ಇಷ್ಟು ಹೇಳಿದ ಕೂಡಲೇ 'ಹಿಂದಿನ ಕಾಲವೇ ಚೆನ್ನಾಗಿತ್ತು' ಎನ್ನುವವರು ಎದ್ದು ನಿಲ್ಲುತ್ತಾರೆ. ಅವರ ಪಕ್ಕ ನಿಲ್ಲಲು ನನಗೆ ಇಷ್ಟವಿಲ್ಲ. ಕಸುಬನ್ನು ಹಾಡಿ ಹೊಗಳಿದ ಈ ದೇಶವೇ ಕಸುಬುದಾರನನ್ನು ಅಂಗಳದಿಂದ ಆಚೆಗೆ ಇಟ್ಟಿತು. ಅಂಬೇಡ್ಕರರು 1936ರಲ್ಲಿ ಪ್ರಕಟಿಸಿದ 'ಜಾತಿ ವಿನಾಶ'ದಲ್ಲಿ, ಜಾತಿ ಎಂಬುದು ಶ್ರಮದ ವಿಭಜನೆ ಮಾತ್ರವಲ್ಲ, ಶ್ರಮಿಕರನ್ನೇ ಮೇಲು ಕೀಳೆಂದು ವಿಭಜಿಸುವುದು ಎಂದು ಬಿಡಿಸಿ ಹೇಳಿದ ಮೇಲೆ, ಕುಲಕಸುಬಿನ ಸೊಬಗನ್ನು ವರ್ಣಿಸುವವರು ಒಂದು ಕ್ಷಣವಾದರೂ ತಡವರಿಸಬೇಕು. ಆಯ್ಕೆಯಿಲ್ಲದ ಕಡೆ ಕೌಶಲ್ಯವೂ ಒಂದು ಬೇಡಿಯೇ. ಚಪ್ಪಲಿ ಹೊಲಿಯುವವನ ಕೈಚಳಕವನ್ನು ಮೆಚ್ಚಿ, ಅವನ ಕೈಯ ನೀರು ಕುಡಿಯದವರ ಮೆಚ್ಚುಗೆಗೆ ಏನು ಬೆಲೆ?

ನಮ್ಮ ಅಂಗಳವೇನೂ ಸ್ವಚ್ಛವಾಗಿಲ್ಲ. ಸಮಾನತೆಯ ಸಾಲಿನಲ್ಲಿ ಹೆಗಲಿಗೆ ಹೆಗಲು ತಾಗಿಸಿ ನಿಂತು ನಮಾಜು ಮಾಡಿದವರೇ, ಹೆಣ್ಣು ಗಂಡಿನ ಮಾತು ಬಂದಾಗ ಪಿಂಜಾರರ ಮನೆಯೆಂದರೆ ಹಿಂಜರಿಯುತ್ತಾರೆ. ಅವರು ಮನೆಯಲ್ಲಿ ಕನ್ನಡ ಆಡುತ್ತಾರೆಂದು ನಗುವವರೂ ಇದ್ದಾರೆ, ಕನ್ನಡದ ನೆಲದಲ್ಲೇ ನಿಂತು! ಅದಕ್ಕೇ ಹೊಸ ತಲೆಮಾರು 'ಪಿಂಜಾರ' ಬಿಟ್ಟು 'ನದಾಫ್' ಎಂದು ಬರೆಸಿಕೊಳ್ಳತೊಡಗಿತು. ನದ್ದಾಫ್ ಎಂದರೂ ಹತ್ತಿ ಹಿಂಜುವವನೇ. ಅದೇ ಮಾತನ್ನು ಅರಬಿಯಲ್ಲಿ ಹೇಳಿದರೆ ಮರ್ಯಾದೆ ಬರುತ್ತದೆಂದಾದರೆ ನಮ್ಮ ತಕರಾರು ಇದ್ದದ್ದು ಕೆಲಸದ ಮೇಲೋ ಭಾಷೆಯ ಮೇಲೋ? 922ರಲ್ಲಿ ಬಗ್ದಾದಿನಲ್ಲಿ ಕೊಲೆಗೀಡಾದ ಸೂಫಿ ಮನ್ಸೂರನ ಹೆಸರಿನ ಕೊನೆಗೆ ಇರುವ 'ಹಲ್ಲಾಜ್' ಕೂಡ ಹತ್ತಿ ಹಿಂಜುವವನೆಂದೇ. ಅತ್ತಾರ್ ಎಂದರೆ ಅತ್ತರು ಔಷಧಿ ಮಾರುವವನು, ಖಯ್ಯಾಮ್ ಎಂದರೆ ಡೇರೆ ಹೊಲಿಯುವವನು. ಈ ಕಡೆ ಹರಿಹರದಿಂದ ಹೊಳೆಯಗುಂಟ ಕೆಳಕ್ಕೆ ಹೋದರೆ ಚೌಡಯ್ಯದಾನಪುರ. ಅಲ್ಲಿಯ ಚೌಡಯ್ಯ ತನ್ನ ಹೆಸರಿನ ಮುಂದೆ ಅಂಬಿಗ ಎಂಬುದನ್ನು ಬಚ್ಚಿಡಲಿಲ್ಲ. ಹುಲ್ಲು ಹೊಸೆದು ಹಗ್ಗ ಮಾಡುತ್ತಿದ್ದ ಚಂದಯ್ಯ ನುಲಿಯ ಚಂದಯ್ಯನಾಗಿಯೇ ಉಳಿದ. ಆ ಶರಣರು ಕಸುಬನ್ನು ಕಾಯಕವೆಂದು ಕರೆದಾಗ ಅದರ ಸೊಬಗನ್ನು ವರ್ಣಿಸಲಿಲ್ಲ, ಅದಕ್ಕಂಟಿದ ಅವಮಾನವನ್ನು ಕಿತ್ತುಹಾಕಲು ನೋಡಿದರು. ಕಾಯಕವನ್ನು ಇವತ್ತು ಸರ್ಕಾರಿ ಕಚೇರಿಯ ಗೋಡೆಗೆ ಬರೆಸಿರುವವರು ಈ ವ್ಯತ್ಯಾಸವನ್ನು ಮರೆತಿದ್ದಾರೆ.

ಈಗ ಹರಿಹರಕ್ಕೆ ಬರೋಣ. ದಾವಣಗೆರೆಯಿಂದ ಅರ್ಧ ಗಂಟೆಯ ದಾರಿ. ಹೊಳೆದಂಡೆಯ ಹರಿಹರೇಶ್ವರ ದೇವಸ್ಥಾನವನ್ನು 1224ರಲ್ಲಿ ಕಟ್ಟಿಸಿದವನು ಹೊಯ್ಸಳ ಇಮ್ಮಡಿ ನರಸಿಂಹನ ದಂಡನಾಯಕ ಪೋಲಾಳ್ವ. ಅದರ ಮಂಟಪದ ಕಂಬಗಳನ್ನು ಕೈಯಿಂದ ಸವರಿ ನೋಡಬೇಕು. ಉಂಗುರ ಉಂಗುರವಾಗಿ, ಗಂಟೆಯ ಆಕಾರಕ್ಕೆ ಇಳಿದು ಮತ್ತೆ ಉಬ್ಬುವ ಆ ಕಲ್ಲು ಬಳಪದ ಕಲ್ಲು. ಗಣಿಯಿಂದ ಹೊಸದಾಗಿ ತೆಗೆದಾಗ ಮೆದು, ಗಾಳಿಗೆ ಒಡ್ಡಿಕೊಂಡಂತೆ ಗಟ್ಟಿ. ಇಂಥ ಕಂಬಗಳನ್ನು ತಿರುಗಣೆಗೆ ಕೊಟ್ಟು, ಕಲ್ಲು ತಿರುಗುತ್ತಿದ್ದಂತೆ ಉಳಿ ಹಿಡಿದು ನುಣುಪು ಮಾಡುತ್ತಿದ್ದರೆಂದು ಬಲ್ಲವರು ಹೇಳುತ್ತಾರೆ. ವಸ್ತು ತಿರುಗಬೇಕು, ಹತಾರು ನಿಲ್ಲಬೇಕು. ಇವತ್ತಿನ ಭಾಷೆಯಲ್ಲಿ ಅದು ಲೇತ್.

ಅದೇ ಹರಿಹರದಲ್ಲಿ 1941ರಲ್ಲಿ ಮೈಸೂರು ಕಿರ್ಲೋಸ್ಕರ್ ಕಂಪನಿ ಶುರುವಾಯಿತು. ತಯಾರಿಸಿದ್ದು ಲೇತ್‌ಗಳನ್ನೇ. ಕಾರ್ಖಾನೆ ಇದ್ದ ಭಾಗಕ್ಕೆ ಯಂತ್ರಾಪುರ ಎಂದೇ ಹೆಸರು ಬಿತ್ತು. ಕಿರ್ಲೋಸ್ಕರ್ ಉದ್ಯಮಗಳ ಮೂಲಪುರುಷ ಲಕ್ಷ್ಮಣರಾಯರು 1869ರಲ್ಲಿ ಹುಟ್ಟಿದ್ದು ನಮ್ಮ ಬೆಳಗಾವಿ ಜಿಲ್ಲೆಯ ಗುರ್ಲಹೊಸೂರಿನಲ್ಲಿ. ಯಂತ್ರಗಳ ನಕ್ಷೆ ಬರೆಯುವುದನ್ನು ಕಲಿಸುತ್ತಿದ್ದ ಮೇಷ್ಟ್ರು. ಬೆಳಗಾವಿಯಲ್ಲಿ ಸೈಕಲ್ ಅಂಗಡಿ ಇಟ್ಟು ಆಮೇಲೆ ಕಬ್ಬಿಣದ ನೇಗಿಲು ಮಾಡಿದರು. ಕಬ್ಬಿಣ ತಾಗಿದರೆ ಭೂಮಿಗೆ ವಿಷವೇರುತ್ತದೆಂದು ರೈತರು ಅದನ್ನು ಬಹಳ ದಿನ ಕೊಳ್ಳಲಿಲ್ಲವಂತೆ. ಅದಿರಲಿ. ಒಂದೇ ಊರಿನಲ್ಲಿ ಏಳು ನೂರು ವರ್ಷಗಳ ಅಂತರದಲ್ಲಿ ಎರಡು ಸಲ ತಿರುಗಣೆ ತಿರುಗಿತು ಎಂಬುದು ಕಾಕತಾಳೀಯ ಇರಬಹುದು. ಆದರೂ ಕಸುಬಿನ ಬಗ್ಗೆ ಯೋಚಿಸುವವನಿಗೆ ಇದಕ್ಕಿಂತ ಒಳ್ಳೆಯ ಜಾಗ ಸಿಗದು.

ಯಂತ್ರ ಬಂದು ಕಸುಬು ಸತ್ತಿತು ಎಂಬ ಮಾತು ಹರಿಹರದಲ್ಲಿ ಅರ್ಧ ಮಾತ್ರ ನಿಜ. ಲೇತ್ ತಯಾರಾಗುವ ಬಗೆ ಗೊತ್ತಿದ್ದವರಿಗೆ ಇದು ತಿಳಿಯುತ್ತದೆ. ಕಬ್ಬಿಣದ ಬೆಡ್ಡಿನ ಮೇಲೆ ಹತಾರು ಹೊತ್ತ ಸ್ಯಾಡಲ್ ಹಿಂದೆ ಮುಂದೆ ಜಾರಬೇಕು, ಕೂದಲೆಳೆಯಷ್ಟೂ ಅಲುಗಬಾರದು. ಆ ಕಾಲದಲ್ಲಿ ಅಂಥ ಸಮತಟ್ಟನ್ನು ಕೊಡುತ್ತಿದ್ದುದು ಯಂತ್ರವಲ್ಲ, ಮನುಷ್ಯನ ಕೈ. ಸರ್ಫೇಸ್ ಪ್ಲೇಟಿಗೆ ನೀಲಿ ಬಣ್ಣ ಸವರಿ ಕೆಲಸದ ಮೇಲೆ ಉಜ್ಜಿದರೆ ಉಬ್ಬಿದ ಕಡೆಗಳಲ್ಲಿ ನೀಲಿ ಚುಕ್ಕೆ ಬೀಳುತ್ತದೆ. ಆ ಚುಕ್ಕೆಗಳನ್ನು ಸ್ಕ್ರೇಪರಿನಿಂದ ಒಂದಿಷ್ಟೇ ಕೆರೆಯಬೇಕು. ಮತ್ತೆ ಉಜ್ಜಬೇಕು, ಮತ್ತೆ ಕೆರೆಯಬೇಕು. ಹೀಗೆ ಹತ್ತಾರು ಸಲ. ನೀಲಿ ಚುಕ್ಕೆಗಳು ಮೈತುಂಬ ಸಮನಾಗಿ ಹರಡಿದಾಗ ಕೆಲಸ ಮುಗಿಯಿತು. ಸಾವಿರಾರು ಭಾಗಗಳನ್ನು ಒಂದೇ ಅಳತೆಗೆ ಕೊರೆಯುವ ಯಂತ್ರದ ನಿಖರತೆ ಹುಟ್ಟಿದ್ದು ಒಬ್ಬ ಮನುಷ್ಯನ ಮಣಿಕಟ್ಟಿನಲ್ಲಿ. ಆಧುನಿಕತೆ ಎಂದರೆ ಕೈಯನ್ನು ಬಿಟ್ಟುಬಿಡುವುದಲ್ಲ, ಕೈ ಎಲ್ಲಿದೆಯೆಂದು ಕಾಣದಂತೆ ಮಾಡುವುದು ಎಂದು ಹೇಳಿದರೆ ಸರಿಯಾದೀತು.

ಕಾಣದಂತೆ ಮಾಡುವುದು ಎಂದೆ. ಬಳ್ಳಿಗಾವಿಯ ದಾಸೋಜ, ಅವನ ಮಗ ಚಾವಣ ಬೇಲೂರಿನ ಶಿಲ್ಪಗಳ ಕೆಳಗೆ ತಮ್ಮ ಹೆಸರು ಕೊರೆದು ಹೋದರು. ಸೋಮನಾಥಪುರದಲ್ಲಿ ಮಲ್ಲಿತಮ್ಮ ಎಷ್ಟೋ ಕಡೆ ತನ್ನ ಹೆಸರು ಬರೆದಿಟ್ಟಿದ್ದಾನೆ. ಹೊಯ್ಸಳರ ಕಾಲದ ಈ ವಿಷಯ ಭಾರತದ ಶಿಲ್ಪಚರಿತ್ರೆಯಲ್ಲಿ ಅಪರೂಪದ್ದು. ಎಲ್ಲ ಕಲ್ಲುಕುಟಿಗರಿಗೂ ಆ ಭಾಗ್ಯ ಸಿಕ್ಕಿರಲಿಕ್ಕಿಲ್ಲ, ಕಲ್ಲು ಹೊತ್ತವರ ಹೆಸರಂತೂ ಎಲ್ಲೂ ಇಲ್ಲ. ಆದರೂ ಹೆಸರು ಕೆತ್ತಬಹುದು ಎಂಬ ಕಲ್ಪನೆಯಾದರೂ ಇತ್ತು. ಲೇತಿನ ಮೇಲೆ ಇರುವುದು ಕಂಪನಿಯ ತಗಡು. ಕೆರೆದವನ ಹೆಸರಿಲ್ಲ. 'ಎಂಟರ್‌ಪ್ರೈಸ್', 'ಟರ್ನ್‌ಮಾಸ್ಟರ್' ಎಂಬ ಆ ಲೇತ್‌ಗಳು ನಾಡಿನ ಐಟಿಐಗಳಲ್ಲಿ, ಪಾಲಿಟೆಕ್ನಿಕ್‌ಗಳಲ್ಲಿ ಎರಡು ಮೂರು ತಲೆಮಾರಿನ ಹುಡುಗರಿಗೆ ಕೆಲಸ ಕಲಿಸಿದವು. ಈ ಶತಮಾನದ ಮೊದಲ ವರ್ಷಗಳಲ್ಲಿ ಕಾರ್ಖಾನೆ ಮುಚ್ಚಿತು. ಲೇತ್‌ಗಳು ಮಾತ್ರ ಇನ್ನೂ ಅಲ್ಲಲ್ಲಿ ತಿರುಗುತ್ತಿವೆ. ಮಾಡಿದವರ ನೌಕರಿಗಿಂತ ಮಾಡಿದ ವಸ್ತುವಿನ ಆಯುಸ್ಸು ಹೆಚ್ಚಾಯಿತು.

ಪರಿಚಯದ ಟರ್ನರ್ ಒಬ್ಬರಿದ್ದಾರೆ. ದೊಡ್ಡ ಕಾರ್ಖಾನೆಯವರಲ್ಲ, ಹರಿಹರದ ಸಣ್ಣ ವರ್ಕ್‌ಶಾಪೊಂದರಲ್ಲಿ ಇಪ್ಪತ್ತು ವರ್ಷ ದುಡಿದವರು. ಕಬ್ಬಿಣದ ಸುರುಳಿ ನೀಲಿಗೆ ತಿರುಗುವ ಮುಂಚೆಯೇ ಹತಾರು ಮೊಂಡಾಗುತ್ತಿರುವುದು ಅವರ ಕಿವಿಗೆ ಗೊತ್ತಾಗುತ್ತಿತ್ತು. ಮೈಕ್ರೋಮೀಟರ್ ಹಚ್ಚುವ ಮೊದಲು ಹೆಬ್ಬೆರಳಿನಿಂದ ಸವರಿ ಇಷ್ಟು ಹೆಚ್ಚಿದೆ ಎನ್ನುತ್ತಿದ್ದರು. ಕಂಪ್ಯೂಟರಿನಿಂದ ನಡೆಯುವ ಯಂತ್ರಗಳು ಬಂದು ಆ ವರ್ಕ್‌ಶಾಪಿಗೆ ಬೀಗ ಬಿತ್ತು. ಐವತ್ತರ ಹೊಸ್ತಿಲಲ್ಲಿ ಅವರು ಎಟಿಎಂ ಒಂದರ ಮುಂದೆ ಕಾವಲಿಗೆ ಕೂತರು. ಮಾತಾಡುತ್ತ ಕುಳಿತಾಗ ಅವರ ಹೆಬ್ಬೆರಳು ಬಾಗಿಲಿನ ಸ್ಟೀಲ್ ಹಿಡಿಯನ್ನು ಸವರುತ್ತಲೇ ಇರುತ್ತದೆ. ಒಮ್ಮೆ ಅವರೇ ನಕ್ಕು, "ಏನ್ ಮಾಡದು ಸಾಹೇಬ್ರೆ, ಕೈಗೆ ಇನ್ನೂ ಸುದ್ದಿ ಮುಟ್ಟಿಲ್ಲ" ಎಂದರು.

1377ರಲ್ಲಿ ತನ್ನ 'ಮುಖದ್ದಿಮಾ' ಬರೆದ ಇಬ್ನ್ ಖಲ್ದೂನ್ ಕಸುಬುಗಳ ಬಗ್ಗೆ ದೀರ್ಘವಾಗಿ ಚರ್ಚಿಸಿದ್ದಾನೆ. ಒಂದು ಕೆಲಸವನ್ನು ಮತ್ತೆ ಮತ್ತೆ ಮಾಡಿದಾಗ ಅದು ಜೀವದಲ್ಲಿ ಬೇರು ಬಿಡುತ್ತದೆ, ಬಣ್ಣ ಹಿಡಿದಂತೆ ಮನಸ್ಸಿಗೆ ಹಿಡಿಯುತ್ತದೆ ಎಂಬುದು ಅವನ ಎಣಿಕೆ. ಅದಕ್ಕೆ ಅವನು ಬಳಸುವ ಮಾತು 'ಮಲಕಾ'. ಅಲ್ಲಿಂದ ಮುಂದೆ ಅವನು ಒಂದು ಕಠೋರ ಸತ್ಯ ಹೇಳುತ್ತಾನೆ. ಒಂದು ಕಸುಬಿನ ಮಲಕಾ ಗಟ್ಟಿಯಾದವನಿಗೆ ಇನ್ನೊಂದು ಕಸುಬು ಅಷ್ಟೇ ಚೆನ್ನಾಗಿ ಒಲಿಯುವುದು ಅಪರೂಪ. ದರ್ಜಿ ಕೆಲಸದಲ್ಲಿ ಪಳಗಿದವನು ಆಮೇಲೆ ಒಳ್ಳೆಯ ಬಡಗಿಯಾಗಲಾರ. ಆರೂವರೆ ಶತಮಾನಗಳ ನಂತರ ನಮ್ಮ ಅರ್ಥಶಾಸ್ತ್ರಜ್ಞರು ಇದನ್ನು ಒಪ್ಪುವುದಿಲ್ಲ. ಹೊಸ ಸ್ಕಿಲ್ ಕಲಿಯಲಿ ಎನ್ನುತ್ತಾರೆ. ಸ್ಕಿಲ್ ಎಂಬುದು ಮೂರು ತಿಂಗಳಲ್ಲಿ ಮೈಗೇರಿಸಿ, ಬೇಡವಾದಾಗ ಅಂಗಿಯಂತೆ ಕಳಚಿಡುವ ವಸ್ತು ಎಂದು ಅವರ ಲೆಕ್ಕ. ಹುನರ್ ಹಾಗಲ್ಲ. ಅದನ್ನು ಪಡೆಯಲು ಮನುಷ್ಯ ತನ್ನನ್ನೇ ಬದಲಾಯಿಸಿಕೊಂಡಿರುತ್ತಾನೆ. ಅದಕ್ಕಾಗಿ ತೆತ್ತ ಹರೆಯವನ್ನು ಯಾವ ಪರಿಹಾರದ ಚೆಕ್ಕೂ ಮರಳಿ ತಂದುಕೊಡುವುದಿಲ್ಲ.

ಹಾಗಾದರೆ ಸಮಾಜಕ್ಕೆ ಋಣವಿದೆಯೇ? ಇದೆ ಎಂದೇ ನನ್ನ ವಾದ. ಇಪ್ಪತ್ತು ವರ್ಷ ಒಂದು ಕೈ ನಿಖರವಾಗಿರಬೇಕೆಂದು ಬಯಸಿದವರು ನಾವು. ಆ ನಿಖರತೆಯಿಂದ ಪಂಪ್‌ಸೆಟ್ಟು ಓಡಿತು, ಬಸ್ಸು ಓಡಿತು. ಇಪ್ಪತ್ತೊಂದನೆಯ ವರ್ಷ ಮಾರುಕಟ್ಟೆ ಬದಲಾಯಿತು ಎಂದು ಕೈತೊಳೆದುಕೊಳ್ಳುವುದು ಗಾದಿಯ ಮೂಲೆಗೆ ಹತ್ತಿ ತುಂಬದೆ ಹೊಲಿದು ಕೊಟ್ಟಂತೆ. ಯಂತ್ರ ಬರಬಾರದೆಂದು ನಾನು ಹೇಳುತ್ತಿಲ್ಲ. ಬರುವ ಯಂತ್ರದ ಬೆಲೆಯಲ್ಲಿ ಹೋಗುವವನ ಮುಂದಿನ ಬದುಕೂ ಸೇರಿರಬೇಕು ಎನ್ನುತ್ತಿದ್ದೇನೆ. 2023ರ ಸೆಪ್ಟೆಂಬರಿನಲ್ಲಿ ಕೇಂದ್ರ ಸರ್ಕಾರ ಪಿಎಂ ವಿಶ್ವಕರ್ಮ ಯೋಜನೆ ತಂದಿತು. ಬಡಗಿ, ಕಮ್ಮಾರ, ಕುಂಬಾರ, ದರ್ಜಿ, ಮೋಚಿ ಎಂದು 18 ಕಸುಬುಗಳ ಪಟ್ಟಿ, ಹತಾರುಗಳಿಗೆ 15,000 ರೂಪಾಯಿ ನೆರವು. ಒಳ್ಳೆಯದೇ. ಆದರೆ ಆ ಪಟ್ಟಿಯಲ್ಲಿ ಹತ್ತಿ ಹಿಂಜುವವರಿಲ್ಲ, ಕಲಾಯಿಯವರಿಲ್ಲ. ಟರ್ನರ್ ಇರುವ ಪ್ರಶ್ನೆಯೇ ಇಲ್ಲ, ಅವನು 'ಪಾರಂಪರಿಕ' ಅಲ್ಲವಲ್ಲ! ಅಜ್ಜನಿಂದ ಬಂದದ್ದಾದರೆ ಮಾತ್ರ ಕಸುಬು, ತಾನೇ ಕಲಿತದ್ದಾದರೆ ಬರೀ ನೌಕರಿ ಎಂಬ ಲೆಕ್ಕಾಚಾರದಲ್ಲಿ ಜಾತಿಯ ವಾಸನೆ ಇದೆ.

ದಾವಣಗೆರೆಯ ಮಂಡಕ್ಕಿ ಭಟ್ಟಿಗಳ ಬಗ್ಗೆ ಹೇಳದೆ ಈ ಮಾತು ಪೂರ್ತಿಯಾಗದು. ಭತ್ತ ನೆನೆಸಿ, ಬೇಯಿಸಿ, ಹುರಿದು, ಅಕ್ಕಿ ಮಾಡಿಸಿ, ಆ ಅಕ್ಕಿಗೆ ಉಪ್ಪುನೀರು ಕೊಟ್ಟು, ಕಾದ ಮರಳಿನಲ್ಲಿ ಕೆಲವೇ ಕ್ಷಣ ಆಡಿಸಿದರೆ ಮಂಡಕ್ಕಿ. ಮರಳು ಎಷ್ಟು ಕಾದಿದೆ ಎಂಬುದಕ್ಕೆ ಅಲ್ಲಿ ಥರ್ಮಾಮೀಟರಿಲ್ಲ. ಒಂದು ಹಿಡಿ ಅಕ್ಕಿ ಎಸೆದು ನೋಡುವುದು, ಅರಳುವ ಸದ್ದು ಕೇಳುವುದು. ಹದ ತಪ್ಪಿದರೆ ಚೀಲಗಟ್ಟಲೆ ಅಕ್ಕಿ ಕರಕಲು ಅಥವಾ ಕಲ್ಲು. 'ಹದ' ಎಂಬುದಕ್ಕೆ ಉರ್ದುವಿನಲ್ಲಿ ನಾನು ಸರಿಸಾಟಿಯಾದ ಮಾತು ಹುಡುಕಿ ಸೋತಿದ್ದೇನೆ. ಮಣ್ಣಿಗೆ ಹದ, ಹಿಟ್ಟಿಗೆ ಹದ, ಕಬ್ಬಿಣಕ್ಕೆ ಹದ, ಮಾತಿಗೂ ಹದ. ಕಸುಬಿನ ಒಳಗುಟ್ಟೆಲ್ಲ ಈ ಎರಡಕ್ಷರದಲ್ಲಿದೆ. (ಬೆಂಗಳೂರಿನ ಗಲ್ಲಿಗಲ್ಲಿಗಳಲ್ಲಿ 'ದಾವಣಗೆರೆ ಬೆಣ್ಣೆದೋಸೆ' ಎಂದು ಬೋರ್ಡು ಹಾಕಿಕೊಂಡವರು ಹಿಟ್ಟಿಗೆ ಮಂಡಕ್ಕಿ ರುಬ್ಬಿ ಹಾಕುವುದನ್ನೂ ಬೆಣ್ಣೆ ಸುರಿಯುವುದನ್ನೂ ಕಲಿತಿದ್ದಾರೆ. ಬೋರ್ಡಿನ ಜತೆ ಹದ ಬರುವುದಿಲ್ಲ, ಏನು ಮಾಡುವುದು.)

ಆದರೆ ಆ ಭಟ್ಟಿಗಳೊಳಗೆ ಹೋಗಿ ಬಂದವರು ಹದದ ಕಾವ್ಯ ಬರೆಯುವ ಮುಂಚೆ ಕೆಮ್ಮಬೇಕಾಗುತ್ತದೆ. ಹಳೆ ಟೈರುಗಳನ್ನು ಉರುವಲು ಮಾಡಿ ಸುಟ್ಟ ಕಪ್ಪು ಹೊಗೆಯನ್ನು ಉಂಡದ್ದು ಅಲ್ಲಿಯ ಕೂಲಿಗಳ, ಅವರಲ್ಲಿ ಹೆಚ್ಚಿನವರು ನಮ್ಮವರೇ, ಎದೆಗೂಡು. ಶಾಲೆಗೆ ಹೋಗಬೇಕಾದ ಮಕ್ಕಳು ಆ ಮರಳಿನ ಮುಂದೆ ಬೆಳೆದದ್ದುಂಟು. 2016ರಲ್ಲಿ ಸ್ಮಾರ್ಟ್ ಸಿಟಿಗಳ ಮೊದಲ ಪಟ್ಟಿಯಲ್ಲೇ ದಾವಣಗೆರೆಯ ಹೆಸರು ಬಂದಾಗ ಈ ಭಟ್ಟಿಗಳ ಹೊಗೆಯ ಮಾತೂ ಬಂತು. ತಿರುಗುವ ಡ್ರಮ್ಮಿನ ಯಂತ್ರ ಆ ಹೊಗೆಯಿಂದ ಒಬ್ಬ ಹುಡುಗನನ್ನು ಬಿಡಿಸುವುದಾದರೆ, ಹದ ಹೋದರೆ ಹೋಗಲಿ ಎನ್ನುವವನೇ ನಾನು. ಒಬ್ಬರ ಶ್ವಾಸಕೋಶವನ್ನು ಕೇಳುವ ಕೌಶಲ್ಯಕ್ಕೆ ಅದನ್ನು ಕೇಳುವ ಹಕ್ಕಿಲ್ಲ.

ಬೀಡಿಯೂ ಹಾಗೆ. ದಾವಣಗೆರೆ, ಹರಿಹರಗಳ ಎಷ್ಟೋ ಮನೆಗಳಲ್ಲಿ ಹೆಂಗಸರು ಮೊರ ತೊಡೆಯ ಮೇಲಿಟ್ಟುಕೊಂಡು ಮಾತಾಡುತ್ತ, ಮಗುವನ್ನು ಕಾಲಿನಿಂದ ತೂಗುತ್ತ, ಎಲೆಯನ್ನು ನೋಡದೆಯೇ ಸುತ್ತಿ ದಾರ ಕಟ್ಟುತ್ತಾರೆ. ಆ ಬೆರಳುಗಳ ವೇಗ, ಅಳತೆ ಯಾವ ಶಿಲ್ಪಿಗೂ ಕಡಿಮೆಯಲ್ಲ. ಸಾವಿರಕ್ಕಿಷ್ಟು ಎಂದು ಕೂಲಿ. ಕಾಂಟ್ರಾಕ್ಟರು ಹಾಳೆಂದು ಬದಿಗೆ ಸರಿಸಿದ್ದಕ್ಕೆ ಕೂಲಿ ಇಲ್ಲ. ಅಷ್ಟು ನಾಜೂಕಾಗಿ ತಯಾರಾದ ವಸ್ತು ಸೇದುವವನನ್ನು ಕೊಲ್ಲುತ್ತದೆ, ಕಟ್ಟುವವಳ ಎದೆಯನ್ನೂ ಕೆಡಿಸುತ್ತದೆ. ಚೆನ್ನಾಗಿ ಮಾಡಿದ ಕೆಲಸವೆಲ್ಲ ಒಳ್ಳೆಯ ಕೆಲಸ ಎನ್ನುವ ತತ್ವಜ್ಞಾನಿ ಒಂದು ಮಧ್ಯಾಹ್ನ ಆ ಪಡಸಾಲೆಯಲ್ಲಿ ಕೂರಬೇಕು. ಗಂಡಸು ಹೊರಗೆ ಮಾಡಿದರೆ ಹುನರ್, ಹೆಂಗಸು ಮನೆಯೊಳಗೆ ಮಾಡಿದರೆ 'ಕೂತಲ್ಲೇ ಒಂದಿಷ್ಟು ಸಂಪಾದನೆ' ಎಂಬ ನಮ್ಮ ಮಾತಿನ ಧಾಟಿಯೂ ಅವನ ಕಿವಿಗೆ ಬಿದ್ದೀತು.

ಇಷ್ಟನ್ನೆಲ್ಲ ಕಳೆದ ಮೇಲೂ ಉಳಿಯುವುದು ಏನು? ಹಳತು ಎಂಬ ಕಾರಣಕ್ಕೆ ಕಸುಬಿಗೆ ಬೆಲೆಯಿಲ್ಲ, ಚೆಂದ ಎಂಬ ಕಾರಣಕ್ಕೂ ಇಲ್ಲ. ನನಗೆ ಕಾಣುವುದು ಇಷ್ಟು: ಮಾಡಿದ್ದು ಸರಿಬರದಿದ್ದರೆ ನಿಲ್ಲಿಸಿ ಮತ್ತೆ ಮಾಡುವ ಅಧಿಕಾರ ಯಾರ ಕೈಯಲ್ಲಿದೆಯೋ ಅವನು ಕಸುಬುದಾರ. ಆ ಅಧಿಕಾರವಿಲ್ಲದವನು ಕೂಲಿ, ಅವನು ಕೂತಿರುವುದು ಮಗ್ಗದ ಮುಂದಾಗಲಿ ಕಂಪ್ಯೂಟರಿನ ಮುಂದಾಗಲಿ. ಪಿಂಜಾರ ಚಾಚಾ ಹೊಲಿದ ಮೂಲೆಯನ್ನು ಬಿಚ್ಚಿ ಮತ್ತೊಂದು ಹಿಡಿ ತುಂಬುತ್ತಿದ್ದರು, ಅದಕ್ಕೆ ಯಾರ ಅಪ್ಪಣೆಯೂ ಬೇಕಿರಲಿಲ್ಲ. ಸಾವಿರಕ್ಕಿಷ್ಟು ಎಂಬ ಲೆಕ್ಕದಲ್ಲಿ ಬೀಡಿ ಕಟ್ಟುವವಳಿಗೆ ಬಿಚ್ಚಿ ಕಟ್ಟುವ ಪುರುಸೊತ್ತಿಲ್ಲ. ಗಾರ್ಮೆಂಟ್ ಫ್ಯಾಕ್ಟರಿಯಲ್ಲಿ ದಿನವಿಡೀ ಕಾಲರು ಮಾತ್ರ ಹೊಲಿಯುವ ಹುಡುಗಿಗೆ ಅಂಗಿಯನ್ನು ಪೂರ್ತಿ ನೋಡುವ ಅವಕಾಶವೂ ಇಲ್ಲ. ಅವರಿಂದ ಕಿತ್ತುಕೊಂಡದ್ದು ಕೌಶಲ್ಯವನ್ನಲ್ಲ, ಅದು ಅವರಲ್ಲಿ ಧಾರಾಳವಾಗಿದೆ. ಕಿತ್ತುಕೊಂಡದ್ದು ಸಮಯವನ್ನು.

ಹಾಗೆ ಕಿತ್ತುಕೊಳ್ಳುವುದು ಮಾಲೀಕರು ಮಾತ್ರವಲ್ಲ. ಹಬ್ಬದ ಹಿಂದಿನ ದಿನ ಬಟ್ಟೆ ತಂದು ನಾಳೆಗೇ ಬೇಕೆನ್ನುವ ನಾವು, ಒಳಹೊಲಿಗೆ ಯಾರು ನೋಡುತ್ತಾರೆ ಬಿಡಿ ಎಂದು ಐವತ್ತು ರೂಪಾಯಿ ಇಳಿಸುವ ನಾವು, ದರ್ಜಿಗೆ ಕಲಿಸುವುದು ಏನನ್ನು? ಆಮೇಲೆ ಈಗಿನವರಿಗೆ ಕೆಲಸದಲ್ಲಿ ಶ್ರದ್ಧೆಯಿಲ್ಲ ಎಂದು ಜಗಲಿಕಟ್ಟೆಯ ಮೇಲೆ ಕೂತು ಮರುಗುವವರೂ ನಾವೇ. ಅದೇ ಜಗಲಿಕಟ್ಟೆಯಿಂದ ಎದ್ದು ಮಗನ ಇಂಜಿನಿಯರಿಂಗ್ ಸೀಟಿಗೆ ಓಡಾಡುತ್ತೇವೆ. 1951ರಲ್ಲೇ ಇಂಜಿನಿಯರಿಂಗ್ ಕಾಲೇಜು ಕಂಡ ಊರು ನಮ್ಮದು. ಅಲ್ಲಿಂದ ಹೊರಬಂದ ಎಷ್ಟೋ ಮಂದಿ ನಕ್ಷೆ ಬರೆದರು, ಐಟಿಐ ಹುಡುಗರು ಲೇತಿನ ಮುಂದೆ ನಿಂತರು. ಯೋಚಿಸುವವರು ಒಂದು ಕಡೆ, ಮಾಡುವವರು ಇನ್ನೊಂದು ಕಡೆ. ಮಗ ಕಸುಬು ಹಿಡಿಯಲಿ ಎಂದು ಬಯಸುವ ಧೈರ್ಯ ಪಿಂಜಾರನಿಗೂ ಇಲ್ಲ, ಅವನ ಬಗ್ಗೆ ಬರೆಯುವ ನನಗೂ ಇಲ್ಲ. ಕೈಗೂ ತಲೆಗೂ ಒಂದೇ ಕೂಲಿ, ಒಂದೇ ಕುರ್ಚಿ ಸಿಗುವ ತನಕ ಆ ಧೈರ್ಯವನ್ನು ಯಾರಿಂದಲೂ ಕೇಳುವಂತಿಲ್ಲ.

ಕಸುಬು ಸತ್ತಿತು ಎನ್ನುವವರು ಪಿ.ಬಿ. ರಸ್ತೆಯ ಆಚೀಚೆ ಇರುವ ಮೊಬೈಲ್ ರಿಪೇರಿ ಅಂಗಡಿಗಳನ್ನು ನೋಡಿಲ್ಲ ಎಂದು ಕಾಣುತ್ತದೆ. ನಾಲ್ಕಡಿ ಅಗಲದ ಗೂಡಿನಲ್ಲಿ, ಎಸ್ಸೆಸ್ಸೆಲ್ಸಿ ಮುಗಿಸದ ಹುಡುಗರು ಮೈಕ್ರೋಸ್ಕೋಪಿಗೆ ಕಣ್ಣು ಹಚ್ಚಿ, ಸಾಸಿವೆಗಿಂತ ಸಣ್ಣ ಬಿಡಿಭಾಗಗಳನ್ನು ಬೆಸೆಯುತ್ತಾರೆ. ಬಿಚ್ಚಲಾಗದಂತೆ ಅಂಟು ಹಾಕಿ ಬಂದ ವಸ್ತುಗಳನ್ನು ಹಟಹಿಡಿದು ಬಿಚ್ಚುತ್ತಾರೆ. ಬೆಸುಗೆಯ ಹದ ಅವರಿಗೆ ಯಾವ ಕಾಲೇಜೂ ಹೇಳಿಕೊಟ್ಟದ್ದಲ್ಲ, ಇನ್ನೊಬ್ಬ ಉಸ್ತಾದನ ಪಕ್ಕ ಚಹಾ ತಂದುಕೊಡುತ್ತ ಕಲಿತದ್ದು. ನನ್ನ ಫೋನು ರಿಪೇರಿ ಮಾಡುವ ಹುಡುಗ ಮುಚ್ಚಳ ಹಾಕುವ ಮುಂಚೆ ಒಳಬದಿಗೆ ಸಣ್ಣ ಪೆನ್ನಿನಲ್ಲಿ ತಾರೀಖು, ಏನು ಬದಲಾಯಿಸಿದ್ದು ಎಂಬುದನ್ನು ಬರೆಯುತ್ತಾನೆ. ಯಾರಿಗಾಗಿ ಎಂದು ಕೇಳಿದೆ. "ಮುಂದೆ ಬಿಚ್ಚೋನಿಗೆ ಅಂಕಲ್. ಎಲ್ಲಿ ಕೈ ಹಾಕಿದಾರೆ ಅಂತ ಗೊತ್ತಾಗ್ಬೇಕಲ್ಲ" ಎಂದ. ಮೂರು ಸಲ ಬೆಸೆದು, ಎರಡು ಸಲ ಬಿಚ್ಚಿದ್ದಕ್ಕೆ ಒಂದೇ ಸಲದ ದುಡ್ಡು ತೆಗೆದುಕೊಂಡ. ಅಂಗಡಿಯ ಬಾಡಿಗೆ ಈ ವರ್ಷ ಮತ್ತೆ ಏರಿದೆಯಂತೆ. ಬೆಂಗಳೂರಿನಲ್ಲಿ ಡೆಲಿವರಿ ಕೆಲಸಕ್ಕೆ ಹೋದ ಗೆಳೆಯರು ಕರೆಯುತ್ತಿದ್ದಾರೆ, ರಂಜಾನ್ ಮುಗಿದ ಮೇಲೆ ನೋಡಬೇಕು ಎಂದ.